ಕೆಲ್ಪ್ ನಕ್ಷೆ ಮಾಡುತ್ತಾ ಗಾಳಿಯ ಲೆಕ್ಕ ಕಲಿತೆ

ಜಯನಗರದ ಮನೆಯಲ್ಲಿ ಕೂತು ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡುಗಳ ನಕ್ಷೆ ಮಾಡಲು ಶುರು ಮಾಡಿದಾಗ, ಇದು ಬರೀ ಚಿತ್ರಗಳ ಕೆಲಸ ಅಂದುಕೊಂಡಿದ್ದೆ. ಕೆಲ್ಪ್ ಅಂದರೆ ತಂಪು ಕಡಲಿನಲ್ಲಿ ಬಂಡೆ ಹಿಡಿದು ಬೆಳೆಯುವ ದೊಡ್ಡ ಪಾಚಿ. ಕೆಲವು ಜಾತಿಗಳ ಎಲೆಗಳು ನೀರಿನ ಮೇಲೆ ತೇಲುತ್ತವೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ತೆಗೆದ ಉಪಗ್ರಹ ಚಿತ್ರದಲ್ಲಿ ನೀರು ಕಪ್ಪಗೆ, ಎಲೆ ಹೊಳೆಯುತ್ತಾ ಕಾಣುತ್ತದೆ. 1984ರಿಂದಲೂ ಲ್ಯಾಂಡ್‌ಸ್ಯಾಟ್ ಅನ್ನುವ ಅಮೆರಿಕದ ಉಪಗ್ರಹಗಳ ಇಂಥ ಚಿತ್ರಗಳಿವೆ, ಪುಕ್ಕಟೆ ಸಿಗುತ್ತವೆ. ಒಂದೊಂದು ಚುಕ್ಕಿ 30 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಎಂಟು 30-40 ಸೈಟು.

ಮೊದಲ ತಪ್ಪು ಉತ್ತರ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕರಾವಳಿಯಲ್ಲಿ ಆಯಿತು. 16 ದಿನದ ಅಂತರದ ಎರಡು ಚಿತ್ರ. ಎರಡನೆಯದರಲ್ಲಿ ಕಾಡು ಅರ್ಧಕ್ಕರ್ಧ ಇಲ್ಲ! ಗಾಬರಿಯಾಗಿ ಎರಡು ರಾತ್ರಿ ಕೋಡ್ ತಿದ್ದಿದೆ. ಆಮೇಲೆ ಉಬ್ಬರ ಇಳಿತದ ಪಟ್ಟಿ ನೋಡಿದರೆ, ಮೊದಲ ಚಿತ್ರ ಇಳಿತದ ಹೊತ್ತಿನದು, ಎರಡನೆಯದು ಉಬ್ಬರದ್ದು. ನೀರು ಏರಿ ಎಲೆಗಳನ್ನು ಮುಳುಗಿಸಿತ್ತು, ಅಷ್ಟೇ. ಆವತ್ತಿನಿಂದ ಒಂದೇ ಚಿತ್ರ ನಂಬುವುದಿಲ್ಲ. ಒಂದು ಋತುವಿನ ಎಲ್ಲ ಚಿತ್ರ ಸೇರಿಸಿ, ಅತಿ ಹೆಚ್ಚು ಹರಡಿದ್ದನ್ನು ತೆಗೆದುಕೊಳ್ಳುತ್ತೇನೆ.

ಆದರೆ ಕೆಲವು ವರ್ಷ ಕಾಡು ತುಂಬುವುದು, ಕೆಲವು ವರ್ಷ ಸೊರಗುವುದು ಯಾಕೆ ಅನ್ನುವುದಕ್ಕೆ ಚಿತ್ರದಲ್ಲಿ ಉತ್ತರ ಇರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ, "ಕಲಕಿ ಹಾಕ್ಕೊಳೋ, ಬೇಳೆ ಎಲ್ಲಾ ತಳದಲ್ಲಿದೆ" ಅಂದರು. ಕಡಲೂ ಹಾಗೇ ಅಲ್ವಾ! ಪಾಚಿಗೆ ಬೇಕಾದ ನೈಟ್ರೇಟ್ ಅನ್ನುವ ಗೊಬ್ಬರ ಜಾಸ್ತಿ ಇರುವುದು ಕೆಳಗಿನ ತಣ್ಣನೆಯ ನೀರಿನಲ್ಲಿ. ವಸಂತದಲ್ಲಿ ಅಲ್ಲಿ ಉತ್ತರದಿಂದ ದಡದ ಉದ್ದಕ್ಕೂ ಗಾಳಿ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಮೇಲಿನ ನೀರು ದಡ ಬಿಟ್ಟು ಆಚೆ ಸರಿಯುತ್ತದೆ, ಆ ಜಾಗಕ್ಕೆ ತಳದ ನೀರು ಮೇಲೆ ಬರುತ್ತದೆ. ಗಾಳಿಯೇ ಸೌಟು. ನೀರಿನ ತಾಪದ ನಕ್ಷೆಯನ್ನು ಪಕ್ಕದಲ್ಲಿಟ್ಟ ಮೇಲೆಯೇ ನನ್ನ ಚುಕ್ಕಿಗಳಿಗೆ ಅರ್ಥ ಬಂತು.

2014ರಿಂದ 2016ರವರೆಗೆ ಅಲ್ಲಿ ಕಡಲು ವಿಪರೀತ ಬಿಸಿಯಾಗಿತ್ತು. ಅದಕ್ಕೂ ಮುಂಚೆ, 2013ರಲ್ಲಿ, ನಕ್ಷತ್ರ ಮೀನುಗಳಿಗೆ ರೋಗ ಬಡಿದಿತ್ತು. ಮುಳ್ಳುಚೆಂಡಿನಂಥ ಕಡಲ ಅರ್ಚಿನ್‌ಗಳನ್ನು ತಿಂದು ಹದ್ದುಬಸ್ತಿನಲ್ಲಿ ಇಡುತ್ತಿದ್ದ ಸೂರ್ಯಕಾಂತಿ ನಕ್ಷತ್ರ ಮೀನು ಹೆಚ್ಚುಕಡಿಮೆ ಇಲ್ಲವಾಯಿತು. ಬಿಸಿ ನೀರಿನಲ್ಲಿ ಗೊಬ್ಬರವಿಲ್ಲದೆ ಸೊರಗಿದ್ದ ಕೆಲ್ಪ್ ಅನ್ನು ಅರ್ಚಿನ್‌ಗಳು ಮೇಯ್ದು ಹಾಕಿದವು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಾಡು ಹೋಯಿತು. ನೀರು ಮತ್ತೆ ತಣ್ಣಗಾದ ಮೇಲೂ ಸುಮಾರು ಬಂಡೆಗಳು ಬೋಳಾಗಿಯೇ ಉಳಿದವು. ಹೊಳೆಯುತ್ತಿದ್ದ ಚುಕ್ಕಿಗಳು ವರ್ಷವರ್ಷವೂ ಕಪ್ಪಾಗಿಯೇ ಬರುವುದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಈಗ ನನ್ನ ಗಮನ ಒಮಾನ್ ಕಡೆಗಿದೆ. ನಮ್ಮದೇ ಅರಬ್ಬಿ ಕಡಲಿನ ಆಚೆ ದಡ. ನಮಗೆ ಮಳೆ ತರುವ ಮುಂಗಾರು ಗಾಳಿಯೇ ಅಲ್ಲಿ ಧೋಫಾರ್ ಕರಾವಳಿಯಲ್ಲಿ ತಣ್ಣೀರನ್ನು ಮೇಲೆತ್ತುತ್ತದೆ. ಅದರಿಂದಲೇ ಅಷ್ಟು ಬಿಸಿ ನಾಡಿನಲ್ಲೂ ಎಕ್ಲೋನಿಯಾ ಅನ್ನುವ ಕೆಲ್ಪ್ ಬೆಳೆಯುತ್ತದೆ. ಇದು ಮೇಲೆ ತೇಲುವುದಿಲ್ಲ, ಹಾಗಾಗಿ ನನ್ನ ಚುಕ್ಕಿ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನೀರಿನ ತಾಪವನ್ನಷ್ಟೇ ನೋಡುತ್ತೇನೆ. ಜುಲೈನಲ್ಲಿ ಹೊರಗೆ ಜಿಟಿಜಿಟಿ ಮಳೆ ಹಿಡಿದಿರುವಾಗ, ಪರದೆಯ ಮೇಲೆ ಆ ದಡದ ಉದ್ದಕ್ಕೂ ತಣ್ಣೀರಿನ ನೀಲಿ ಪಟ್ಟೆ ಮೂಡಿರುತ್ತದೆ.