ಪಕ್ಕಾಸಿನ ವರ್ಕ್‌ಬೆಂಚ್: ಮೊಳೆಯ ಬದಿ ಕೆಳಕ್ಕೆ

ಕೆಡವಿದ ಹೆಂಚಿನ ಮನೆಯ ಪಕ್ಕಾಸಿನಲ್ಲಿ (ಮಾಡನ್ನು ಹೊರುವ ಓರೆ ಮರ) ಮರಗೆಲಸದ ಬೆಂಚು ಆಗುವುದಿಲ್ಲ ಅನ್ನುವವರ ವಾದ ಎರಡೇ: ಮೈತುಂಬ ಮೊಳೆ, ಜೊತೆಗೆ ಬಾಗು. ಮೊದಲನೆಯದು ಪೂರ್ತಿ ತಪ್ಪು. ಪಕ್ಕಾಸನ್ನು ನಾಲ್ಕೂ ಬದಿ ತಿರುಗಿಸಿ ನೋಡಿ. ಹೆಂಚು ಹೊರುವ ಅಡ್ಡಪಟ್ಟಿ, ಅಂದರೆ ರೀಪು, ಕೂರುವುದು ಮೇಲಿನ ಕಿರುಬದಿಯ ಮೇಲೆ ಮಾತ್ರ. ಮೊಳೆಗಳೂ ಆ ಒಂದೇ ಬದಿಯಲ್ಲಿ, ಮಂಗಳೂರು ಹೆಂಚಿನ ಅಳತೆಗೆ ಸರಿಯಾಗಿ ಹೆಚ್ಚುಕಡಿಮೆ ಹನ್ನೆರಡೂವರೆ ಇಂಚಿಗೊಂದು. ಎರಡು ಅಗಲ ಮೈ, ಕೆಳಗಿನ ಕಿರುಬದಿ, ಮೂರೂ ಹೆಚ್ಚುಕಡಿಮೆ ಖಾಲಿ. ಹಾಗಾಗಿ ಮಾಡಿನಲ್ಲಿದ್ದಂತೆಯೇ ಮೊಳೆ ಮೇಲೆ ಇಡದೆ ಮಗುಚಿ, ಕಿರುಬದಿಯ ಮೇಲೆ ನಿಲ್ಲಿಸಿ, ಅಗಲ ಮೈಗೆ ಅಗಲ ಮೈ ಅಂಟಿಸುತ್ತಾ ಹೋದರೆ ಮೊಳೆಗಳೆಲ್ಲ ಬೆಂಚಿನ ಅಡಿಗೆ ಹೋಗುತ್ತವೆ. ಕೀಸುಳಿ ಓಡುವ ಮೈಯಲ್ಲಿ ಒಂದೂ ಇರುವುದಿಲ್ಲ. ಸಾಮಿಲ್ಲಿನಲ್ಲಿ ನಕ್ಕವರೇ ಈಗ ಪಕ್ಕಾಸು ಎಲ್ಲಿ ಸಿಕ್ಕಿತು, ಏನು ರೇಟು ಅಂತ ಕೇಳುತ್ತಿದ್ದಾರೆ.

ಒಂದು ಷರತ್ತಿದೆ. ಪಕ್ಕಾಸಿನ ಅಡಿಗೆ ಸೀಲಿಂಗ್ ಹಲಗೆ ಹೊಡೆದ ಮನೆಯ ಮಾಲು ಬೇಡ. ಅಲ್ಲಿ ಎರಡೂ ಕಡೆ ಮೊಳೆ ಇರುತ್ತದೆ, ಇಡೀ ಲೆಕ್ಕ ಕೆಡುತ್ತದೆ. ಅಡುಗೆಮನೆಯ ಮೇಲಿನ ಪಕ್ಕಾಸು ಸಿಕ್ಕಿದರೆ ಬಿಡಬೇಡಿ. ಮಸಿ ಹಿಡಿದು ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ ಅಂತ ಎಲ್ಲರೂ ಪಕ್ಕಕ್ಕಿಡುತ್ತಾರೆ, ಆದರೆ ಹೊಗೆ ಕುಡಿದ ಮರಕ್ಕೆ ಕುಟ್ಟೆ (ಮರ ಕೊರೆಯುವ ಹುಳ) ಹಿಡಿದದ್ದು ನಾನಂತೂ ಕಂಡದ್ದು ಕಡಿಮೆ.

ಮರದ ಜಾತಿಯ ವಿಚಾರದಲ್ಲಿ ನನ್ನ ಆಯ್ಕೆ ಮತ್ತಿ. ಭಾರ ಇದೆ, ಒಳ್ಳೆ ಪೆಟ್ಟು ತಡೆಯುತ್ತದೆ, ಹಳೆ ಮಾಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಎಳೆ ಹೆಣೆದುಕೊಂಡಿರುವುದರಿಂದ ಕೀಸುವಾಗ ಕಿತ್ತು ಬರುತ್ತದೆ, ಬ್ಲೇಡನ್ನೂ ತಿನ್ನುತ್ತದೆ. ಬೋಗಿ ಮರ ಇನ್ನೂ ಗಟ್ಟಿ, ಆದರೆ ಫೆವಿಕಾಲ್ ಸರಿಯಾಗಿ ಹಿಡಿಯುವುದಿಲ್ಲ. ಬೋಗಿ, ತೇಗ ಎರಡಕ್ಕೂ ಅಂಟು ಹಚ್ಚುವ ಮೊದಲು ಬಟ್ಟೆಯಲ್ಲಿ ತಿನ್ನರ್ ಒರೆಸಬೇಕು. ಒರೆಸಿಟ್ಟು ಚಹಾ ಕುಡಿಯಲು ಹೋದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಒರೆಸಿದ ಕೂಡಲೇ ಅಂಟಿಸಿ. ಹಲಸು ಕೆಲಸಕ್ಕೆ ಸುಖ, ಬೆಂಚಿಗೆ ಮೆದು. ಅದನ್ನು ವೈಸಿನ (ಮರವನ್ನು ಕಚ್ಚಿ ಹಿಡಿಯುವ ಸಾಧನ) ಬಾಯಿಗೆ ಇಟ್ಟುಕೊಳ್ಳಿ, ಹಿಡಿದ ಕೆಲಸಕ್ಕೆ ಗಾಯವಾಗುವುದಿಲ್ಲ.

ಖರೀದಿಯಲ್ಲೇ ದುಡ್ಡು ಉಳಿಯುವುದು. 4×2 ಇಂಚಿನ ಹತ್ತಡಿ ಪಕ್ಕಾಸು 17 ತೆಗೆದುಕೊಂಡೆ. ಪೂರ್ತಿ ಉದ್ದಕ್ಕೆ ಅಳೆದರೆ ಸುಮಾರು 9.4 ಘನ ಅಡಿ ಆಗುತ್ತದೆ. ಆದರೆ ಗೋಡೆಯ ಮೇಲೆ ಕೂತ ತುದಿ ಹೆಚ್ಚಾಗಿ ಟೊಳ್ಳು, ಮಾಡಿನ ನೆತ್ತಿಯ ತುದಿಯಲ್ಲಿ ದಪ್ಪ ಮೊಳೆ. ಎರಡೂ ಕಡೆ ಒಂಬತ್ತೊಂಬತ್ತು ಇಂಚು ಬಿಟ್ಟು ಅಳೆಯಿರಿ ಅಂತ ಪಟ್ಟು ಹಿಡಿದರೆ 8 ಘನ ಅಡಿ. ಘನ ಅಡಿಗೆ 900 ರೂಪಾಯಿ ಆಸುಪಾಸು, 7,200 ಕೊಟ್ಟ ನೆನಪು. ಟೆಂಪೋ 1,500. ಮಾಲಿನಲ್ಲಿ ತೇಗ, ಬೀಟೆ ಸೇರಿದ್ದರೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಗಾಡಿಗೆ ಹತ್ತಿಸಿ. ಹಳೆ ಮರ ಎಂಬ ಮಾತು ರಸ್ತೆಯಲ್ಲಿ ನಡೆಯುವುದಿಲ್ಲ.

ಈಗ ಮೊಳೆ. ಮತ್ತಿಯೊಳಗೆ ದಶಕಗಟ್ಟಲೆ ತುಕ್ಕು ಹಿಡಿದು ಕೂತದ್ದನ್ನು ನೇರ ಎಳೆದರೆ ತಲೆ ಮಾತ್ರ ಕೈಗೆ ಬರುತ್ತದೆ. ಮೊದಲು ಒಂದು ಪೆಟ್ಟು ಒಳಕ್ಕೆ ಹೊಡೆಯಿರಿ, ತುಕ್ಕಿನ ಹಿಡಿತ ಬಿಡುತ್ತದೆ, ಆಮೇಲೆ ಎಳೆಯಿರಿ. ಬಾರದಿದ್ದರೆ ಸೋಲ್ಡರಿಂಗ್ ಐರನ್ ಅನ್ನು ತಲೆಗೆ ಒಂದೆರಡು ನಿಮಿಷ ಒತ್ತಿ ಹಿಡಿದು ಮತ್ತೆ ನೋಡಿ. ತುಂಡಾದದ್ದನ್ನು ಪಂಚ್ ಇಟ್ಟು ನಾಲ್ಕು ನೂಲು (ಅರ್ಧ ಇಂಚು) ಒಳಕ್ಕೆ ಇಳಿಸಿದರೂ ಸಾಕು, ಹೇಗೂ ಅಡಿಯ ಬದಿ. ತೆಗೆಯಲೇಬೇಕಾದ ಕಡೆ ಎಂಟು ಎಂಎಂ ಸ್ಟೀಲ್ ಪೈಪಿನ ಬಾಯಿಗೆ ಅರದಿಂದ ಹಲ್ಲು ಕತ್ತರಿಸಿ ಡ್ರಿಲ್ಲಿಗೆ ಹಾಕಿ, ಮೊಳೆಯ ಸುತ್ತ ಕೊರೆದು, ಬಿದಿರಿನ ಬಿರಡೆ ಹೊಡೆಯುತ್ತೇನೆ. ಹಲ್ಲನ್ನು ಎಷ್ಟು ಓರೆ ಬಗ್ಗಿಸಿದರೆ ಪೈಪು ಸುಡುವುದಿಲ್ಲ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮಾಡಿ ನೋಡಿದರೆ ಗೊತ್ತಾಗುತ್ತದೆ. ಕೊನೆಗೆ ಹಾಳಾದ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ನಾಲ್ಕೂ ಮೈ ಮೇಲೆ ತೂಗಾಡಿಸಿ. ಹಳೆ ವಯರಿಂಗ್ ಕ್ಲಿಪ್ಪಿನ ಸಣ್ಣ ಮೊಳೆಗಳು ಅಗಲ ಮೈಯಲ್ಲಿ ಅಡಗಿರುವುದು ಇದಕ್ಕೇ ಸಿಗುತ್ತದೆ.

ಮಿಲ್ಲಿನ ಬ್ಲೇಡಿಗೆ ಮೊಳೆಗಿಂತ ದೊಡ್ಡ ಶತ್ರು ಸುಣ್ಣ, ಮರಳು. ತಂತಿಬ್ರಷ್ ಹಾಕಿ ಉಜ್ಜದೆ ಕೊಟ್ಟರೆ ಎರಡನೆಯ ಪಕ್ಕಾಸಿಗೇ ಬ್ಲೇಡು ಮೊಂಡು. ಎರಡು ಮಿಲ್ಲಿನವರು ಹಳೆ ಮಾಲು ಅಂದ ಕೂಡಲೇ ಕೈ ಆಡಿಸಿದರು. ಮೂರನೆಯ ಕಡೆ ಸಾಣೆಯ ಖರ್ಚು 600 ಮುಂಗಡ ಕೊಟ್ಟ ಮೇಲೆ ಒಪ್ಪಿದರು. ಕೀಸಿದ್ದಕ್ಕೆ 2,200. ಬಾಗಿನ ಮಾತಿಗೆ ಉತ್ತರವೂ ಇಲ್ಲೇ ಇದೆ: ಮೊದಲು ಕತ್ತರಿಸಿ, ಆಮೇಲೆ ಕೀಸಿ. ಎಂಟೂವರೆ ಅಡಿಯಲ್ಲಿ ಅರ್ಧ ಇಂಚು ಇಳಿದ ಪಕ್ಕಾಸು 66 ಇಂಚಿನ ತುಂಡಿನಲ್ಲಿ ಒಂದೂವರೆ ಎರಡು ನೂಲಿಗೆ ಬರುತ್ತದೆ. ತಿರುಚಿದ್ದು ಮಾತ್ರ ಯಾವುದಕ್ಕೂ ಬಗ್ಗುವುದಿಲ್ಲ, ಸೌದೆಗೆ ಹಾಕಿ. ಕೀಸಿದ ಮೇಲೆ ಕೈಗೆ ಸಿಗುವುದು ಮೂರೂವರೆ × ಒಂದೂಮುಕ್ಕಾಲು ಇಂಚು.

ಮರದ ಹೊರಗಿನ ಬಿಳಿ ಭಾಗ ಉಳಿದಿದ್ದರೆ ಕುಟ್ಟೆ ಹಿಡಿಯದಂತೆ ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಕೈ ಹೊಡೆಯಿರಿ. ಚೆನ್ನಾಗಿ ಒಣಗುವವರೆಗೆ ಅಂಟಿನ ಹತ್ತಿರ ಹೋಗಬೇಡಿ.

ಪ್ರತಿ ಪಕ್ಕಾಸಿನಿಂದ ಟಾಪಿಗೆ 66 ಇಂಚು, ಕಾಲಿಗೆ 34 ಇಂಚು. ಹದಿಮೂರು ಪಕ್ಕಾಸಿಗೆ ಟಾಪ್ ಇಪ್ಪತ್ತೆರಡೂಮುಕ್ಕಾಲು ಇಂಚು ಅಗಲ. ಕಾಲಿನ ತುಂಡು ಹನ್ನೆರಡನ್ನು ಮೂರು ಮೂರರಂತೆ ಅಂಟಿಸಿದರೆ ನಾಲ್ಕು ಕಾಲು. ಇಲ್ಲಿ ಉಳಿ ಹಿಡಿಯುವ ಕೆಲಸವನ್ನೇ ತಪ್ಪಿಸಬಹುದು. ಕಾಲಿನ ನಡುವಿನ ತುಂಡು 34 ಇಂಚು, ಅಕ್ಕಪಕ್ಕದವು ಮೂವತ್ತೂವರೆ. ನಡುವಿನದು ಮೇಲೆ ಚಾಚಿ, ಟಾಪಿನ ತೂತಿನೊಳಗೆ ಕೂರುವ ನಾಲಿಗೆ ತಾನೇ ಆಗುತ್ತದೆ. ಟಾಪಿನ ಎರಡನೆಯ ಮತ್ತು ಹನ್ನೆರಡನೆಯ ಪದರವನ್ನು 10, 39, 10 ಇಂಚಿಗೆ ತುಂಡು ಮಾಡಿ ನಡುವೆ ಮೂರೂವರೆ ಇಂಚು ಖಾಲಿ ಬಿಟ್ಟು ಅಂಟಿಸಿದರೆ ನಾಲಿಗೆಗೆ ತಕ್ಕ ತೂತು ತಯಾರು. ಖಾಲಿ ಜಾಗ ಸರಿಯದಂತೆ ಮೇಣ ಹಚ್ಚಿದ ಅದೇ ಅಳತೆಯ ತುಂಡು ಇಟ್ಟು, ಅಂಟು ಪೂರ್ತಿ ಗಟ್ಟಿಯಾಗುವ ಮೊದಲು ಹೊಡೆದು ತೆಗೆಯಬೇಕು. ಮರೆತರೆ ಅದು ಬೆಂಚಿನ ಭಾಗವೇ.

ಹದಿಮೂರನ್ನೂ ಒಂದೇ ಸಲ ಅಂಟಿಸುವ ಆಸೆ ಬೇಡ. ಏಪ್ರಿಲ್ ಸೆಕೆಯಲ್ಲಿ ಫೆವಿಕಾಲ್ ಐದಾರು ನಿಮಿಷಕ್ಕೆ ಕೆನೆಗಟ್ಟುತ್ತದೆ. ಕೊನೆಯ ಪದರಕ್ಕೆ ಹಚ್ಚುವಷ್ಟರಲ್ಲಿ ಮೊದಲನೆಯದು ಒಣಗಿ, ನನ್ನ ಮೊದಲ ಟಾಪ್ ಮಳೆಗಾಲ ಬಂದ ಕೂಡಲೇ ನಡುವೆ ಬಾಯಿಬಿಟ್ಟಿತು. ಈಗ 3, 4, 3, 3 ಪದರದ ನಾಲ್ಕು ಕಟ್ಟು, ಸಂಜೆ ಹೊತ್ತಲ್ಲಿ. ಕಟ್ಟುಗಳನ್ನು ಮತ್ತೊಮ್ಮೆ ಮಿಷನ್ನಿಗೆ ಕೊಟ್ಟು ಸಪಾಟು ಮಾಡಿ, ಕೊನೆಗೆ ಮೂರೇ ಅಂಟಿನ ಗೆರೆ. ಅಂಟಿಸಿದ್ದನ್ನು ಒತ್ತಿ ಹಿಡಿಯುವ ಸಾಶ್ ಕ್ಲಾಂಪ್ ಕೊಳ್ಳಲಿಲ್ಲ. ಉಳಿದ ಪಕ್ಕಾಸಿನ ತುಂಡಿಗೆ ಎರಡು ಕಡೆ ಗೂಟ ಬೋಲ್ಟ್ ಮಾಡಿ, ನಡುವೆ ಜೋಡಿ ಬೆಣೆ ಎದುರುಬದುರು ಹೊಡೆದರೆ ಅದಕ್ಕಿಂತ ಬಿಗಿ ಬರುತ್ತದೆ. ಅಂಥವು ಐದು ಸಾಕು.

ನಾಲಿಗೆಯ ತಲೆಗೆ ಗರಗಸದಲ್ಲಿ ಎರಡು ಸೀಳು ಹಾಕಿ ಮೇಲಿಂದ ಬೆಣೆ ಹೊಡೆಯಬೇಕು. ಬೆಣೆ ಬೆಂಚಿನ ಉದ್ದಕ್ಕೆ ಬಿರಿಯುವಂತೆ ಇರಲಿ, ಆಗ ಒತ್ತಡ ಪದರದ ಕಡಿದ ತುದಿಗೆ ಬೀಳುತ್ತದೆ. ಅಡ್ಡಕ್ಕೆ ಬಿರಿದರೆ ನೀವೇ ಅಂಟು ಬಿಡಿಸಿದಂತೆ. ಕೆಳಗಿನ ಅಡ್ಡಪಟ್ಟಿಗಳಿಗೆ ಮೂರು ಪಕ್ಕಾಸು ಹೋಯಿತು. ಅವಕ್ಕೆ ಅಂಟು ಬೇಡ, ಹತ್ತು ಎಂಎಂ ಥ್ರೆಡ್ ರಾಡ್ ಮತ್ತು ನಟ್ಟು ಸಾಕು. ಮುಂದಿನ ಕಾಲಿನಿಂದ ಹಿಂದಿನ ಕಾಲಿಗೆ ಹೋಗುವ ಪಟ್ಟಿಯ ತೂತನ್ನು ಎರಡು ನೂಲು ಉದ್ದ ಮಾಡಿ, ಏಕೆಂದರೆ ಜುಲೈನಲ್ಲಿ ಟಾಪ್ ಅಷ್ಟು ಅಗಲವಾಗುತ್ತದೆ.

ಟಾಪಿನಲ್ಲಿ ಡಾಗ್ (ಕೆಲಸವನ್ನು ತಡೆದು ಹಿಡಿಯುವ ಗೂಟ) ತೂತು ಕೊರೆಯುವವರಿಗೆ ಒಂದು ಎಚ್ಚರಿಕೆ. ಅಡಿಯಿಂದ ಒಂದೂವರೆ ಇಂಚಿನವರೆಗೆ ಹಳೆ ಮೊಳೆಯ ತುಂಡು ಇರಬಹುದು. ಮೇಲಿಂದ ಎರಡಿಂಚು ಸಲೀಸಾಗಿ ಇಳಿದ ಡ್ರಿಲ್ ಬಿಟ್ ಅಲ್ಲಿ ಹಲ್ಲು ಮುರಿದುಕೊಳ್ಳುತ್ತದೆ. ಅಂಟಿಸುವ ಮೊದಲೇ ಅಡಿಯಲ್ಲಿ ಮೊಳೆ ಇರುವ ಕಡೆ ಸೀಮೆಸುಣ್ಣದ ಗುರುತು ಹಾಕಿ, ಅವುಗಳ ನಡುವೆ ತೂತಿನ ಜಾಗ ಹಿಡಿಯಿರಿ.

ಬಣ್ಣಕ್ಕೆ ಕೆಲವು ಚಪಲ ಮಾಡಿದ್ದೇನೆ. ವಿನೆಗರಿನಲ್ಲಿ ಸ್ಟೀಲ್ ವುಲ್ ನೆನೆಸಿಟ್ಟ ನೀರು ಹಚ್ಚಿದರೆ ಮತ್ತಿ ಕಣ್ಣೆದುರೇ ಕಪ್ಪಾಗುತ್ತದೆ, ಮೊಳೆಯ ಕಲೆಗಳು ಅದರಲ್ಲಿ ಮುಳುಗುತ್ತವೆ. ಕಾಲಿಗೆ ಚೆಂದ. ಟಾಪಿಗೆ ಹಚ್ಚಿದರೆ ಬಿಳಿ ಮರದ ಕೆಲಸಕ್ಕೆ ಮಸಿ ತಾಗುತ್ತದೆ. ಹಸಿ ಅಗಸೆ ಎಣ್ಣೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಬೂಷ್ಟು ಬರುತ್ತದೆ. ಬಾಯಿಲ್ಡ್ ಲಿನ್‌ಸೀಡಿಗೆ ಅರ್ಧದಷ್ಟು ಟರ್ಪೆಂಟೈನ್ ಸೇರಿಸಿ ಮೂರು ಕೈ ಕೊಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬೆಂಕಿ ಹತ್ತುತ್ತದೆ. ಹರಡಿ ಒಣಗಿಸಿ. ಕಾಲಿನ ಬುಡಕ್ಕೆ ಮಾತ್ರ ಗೇರು ಸಿಪ್ಪೆಯ ಎಣ್ಣೆ, ನಾಲ್ಕಿಂಚು ಎತ್ತರದವರೆಗೆ. ಕೈಗವಸು ಇಲ್ಲದೆ ಮುಟ್ಟಿದರೆ ಬೊಕ್ಕೆ ಏಳುತ್ತದೆ.

ಅಂಟು, ಬಿಳಿಗಾರ, ತಿನ್ನರ್ ಎಲ್ಲ ಸೇರಿ 1,200. ರಾಡು, ನಟ್ಟು 700, ಎಣ್ಣೆಗಳು 800, ಒಂಬತ್ತಿಂಚಿನ ವೈಸು 3,500. ಒಟ್ಟು 18,000ದ ಒಳಗೆ. ಹೊಸ ತೇಗದಲ್ಲಿ ಇದೇ ಅಳತೆಗೆ ಮರಕ್ಕೇ ಅಷ್ಟು ಸಾಲದು. ತೂಕ ನೂರಿಪ್ಪತ್ತು ಕಿಲೋ ಹತ್ತಿರ ಇರಬೇಕು. ದಪ್ಪ ಕೀಸುಳಿಯನ್ನು ಮೈಭಾರ ಹಾಕಿ ತಳ್ಳಿದರೂ ಕದಲುವುದಿಲ್ಲ, ಎತ್ತಿಡಲು ನಾಲ್ಕು ಜನ ಬೇಕು. ಬಾಗಿಲಿನ ಅಗಲ ಮೊದಲೇ ಅಳೆದಿಟ್ಟುಕೊಳ್ಳಿ, ಬೆಣೆ ಹೊಡೆದ ಮೇಲೆ ಕಾಲು ಬಿಚ್ಚಲು ಬರುವುದಿಲ್ಲ.