ಲೋಹದ ಉಬ್ಬುಚಿತ್ರ ಅಪ್ಪಚ್ಚಿ ಆಗದಿರಲು

ಕಾರ್ಡಿಗೋ ಪುಟ್ಟ ಪುಸ್ತಕದ ರಟ್ಟಿಗೋ ಅಂಟಿಸುವ ಮೊದಲು ಉಬ್ಬುಚಿತ್ರದ ಹಿಂಬದಿಯ ಗುಳಿಗಳನ್ನು ಫೆವಿಕಾಲ್ ಮತ್ತು ಚಾಕ್ ಪುಡಿಯ ಮಿಶ್ರಣದಿಂದ ತುಂಬಿಸಿಬಿಡಿ. ನಾವು ಬಳಸುವ 36 ಗೇಜಿನ ಅಲ್ಯೂಮಿನಿಯಂ ಅಥವಾ ತಾಮ್ರದ ಹಾಳೆಯ ದಪ್ಪ ಹೆಚ್ಚುಕಡಿಮೆ 0.13 ಮಿ.ಮೀ. ಅಷ್ಟೇ, ಒಳಗೆ ಟೊಳ್ಳಿದ್ದರೆ ಹೆಬ್ಬೆರಳು ಒತ್ತಿದರೂ ಚಿತ್ರದ ನವಿಲಿನ ಎದೆ ಒಳಕ್ಕೆ ಹೋಗುತ್ತದೆ. ಒಂದು ಚಮಚ ಅಂಟಿಗೆ ಸುಮಾರು ಎರಡು ಚಮಚ ಪುಡಿ, ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ. ಚಿತ್ರವನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಹಾಕಿ, ತುಂಬಿ, ಹಳೇ ಎಟಿಎಂ ಕಾರ್ಡಿನಿಂದ ಸಮವಾಗಿ ಕೆರೆದು ರಾತ್ರಿಯಿಡೀ ಒಣಗಲು ಬಿಡಿ. ಅಂಚಿನ 5 ಮಿ.ಮೀ. ಮಾತ್ರ ಸ್ವಚ್ಛವಾಗಿರಲಿ, ಎರಡೂ ಬದಿ ಅಂಟುವ ಡಬಲ್ ಟೇಪ್ ಹಿಡಿಯುವುದು ಅಲ್ಲೇ. ಕಾರ್ಡಿಗೆ ಅಂಟಿಸಲು ಫೆವಿಕಾಲ್ ಬೇಡ: ಲೋಹದ ಕಡೆಯಿಂದ ನೀರು ಆರುವುದಿಲ್ಲ, ಅದೆಲ್ಲ ಕಾಗದಕ್ಕಿಳಿದು ಕಾರ್ಡ್ ಸೊಟ್ಟಗಾಗುತ್ತದೆ. ಗುಳಿ 3 ಮಿ.ಮೀ.ಗಿಂತ ಆಳವಿದ್ದರೆ ಒಂದೇ ಸಲಕ್ಕೆ ತುಂಬಬೇಡಿ, ಒಣಗುವಾಗ ಕುಗ್ಗಿ ನಡುವೆ ಹಳ್ಳ ಬೀಳುತ್ತದೆ. ಎರಡು ಪದರ ಹಾಕಿ. ಚಾಕ್ ಪುಡಿ ಬದಲು ಗೋಡೆಯ ಪುಟ್ಟಿ ಹಾಕುವ ಆಸೆ ಬರುತ್ತದೆ, ಹಾಕಬೇಡಿ: ಅದರಲ್ಲಿನ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಾಮ್ರಕ್ಕಾದರೆ ಈ ಮಿಶ್ರಣದ ಬದಲು ಕರಗಿಸಿದ ಜೇನುಮೇಣವನ್ನೂ ತುಂಬಬಹುದು. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮೇಣ ಮೆತ್ತಗಾದೀತು. ತಾಮ್ರವನ್ನು ಬೆಂಕಿಗೆ ಹಿಡಿದು ಬಣ್ಣ ಬರಿಸುವುದಿದ್ದರೆ ಆ ಕೆಲಸ ಮೊದಲು, ತುಂಬಿಸುವುದು ಆಮೇಲೆ. ಬರೀ ಗೆರೆ-ಚುಕ್ಕೆಗಳ ವಿನ್ಯಾಸಕ್ಕೆ ಇದ್ಯಾವುದೂ ಬೇಕಿಲ್ಲ.