ನಾಟಕ ಕಟ್ಟುವ ಕೆಲಸಕ್ಕೆ ನನಗೆ ಒದಗಿಬಂದ ಪುಸ್ತಕಗಳು

ನಾನು ಮೊದಲ ಸಲ ಸ್ಟೇಜ್ ಮ್ಯಾನೇಜರ್ ಆಗಿದ್ದ ನಾಟಕದ ಟೆಕ್ನಿಕಲ್ ರಿಹರ್ಸಲ್, ಅಂದರೆ ಬೆಳಕು, ಧ್ವನಿ ಎಲ್ಲ ಸೇರಿಸಿ ನೋಡುವ ತಾಲೀಮು. ಹೆಡ್‌ಸೆಟ್‌ನಲ್ಲಿ ಲೈಟಿಂಗ್‌ನವರಿಗೆ "ಮುಂದಿನದಕ್ಕೆ ನಾನು ಗೋ ಅಂದಮೇಲೆ ಮೂರು ಎಣಿಸಿ" ಎಂದು ವಿವರಿಸುತ್ತಿದ್ದೆ. ಬೆಳಕು ಬದಲಿಸಿ ಎನ್ನುವ ಸೂಚನೆಯೇ ‘ಗೋ’. ಅದು ಕಿವಿಗೆ ಬಿದ್ದದ್ದೇ ತಡ, ಅವರು ಗುಂಡಿ ಒತ್ತಿದರು. ರಂಗ ಪೂರ್ತಿ ಕತ್ತಲು. ಮೆಟ್ಟಿಲು ಇಳಿಯುತ್ತಿದ್ದ ನಟಿ ಕಂಬ ಹಿಡಿದು ಹಾಗೇ ನಿಂತುಬಿಟ್ಟರು. ಅವರು ಬೀಳಲಿಲ್ಲ, ಆದರೆ ನನ್ನ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅಲ್ಲಿಯವರೆಗೆ ನಾನು ಓದಿದ್ದೆಲ್ಲ ಅಭಿನಯದ ಬಗ್ಗೆ. ಪ್ರದರ್ಶನವೊಂದು ದಿನದಿನಕ್ಕೆ ಹೇಗೆ ಸಿದ್ಧವಾಗುತ್ತದೆ ಎಂದು ಹೇಳುವ ಒಂದು ಪುಸ್ತಕವನ್ನೂ ಮುಟ್ಟಿರಲಿಲ್ಲ. ಆ ವಾರವೇ ಲಾರೆನ್ಸ್ ಸ್ಟರ್ನ್ ಅವರ ‘ಸ್ಟೇಜ್ ಮ್ಯಾನೇಜ್‌ಮೆಂಟ್’ ಹಿಡಿದೆ. ಚೆಕ್‌ಲಿಸ್ಟು, ನಮೂನೆಗಳೇ ತುಂಬಿರುವ ಪುಸ್ತಕ. ಕಥೆಯಂತೆ ಓದಿಸಿಕೊಳ್ಳುವುದಿಲ್ಲ, ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಬೇಕು. ನಾನೂ ಹಾಗೇ ಪ್ರಾಂಪ್ಟ್ ಬುಕ್ ಮಾಡಲು ಕಲಿತೆ: ಒಂದು ಪುಟದಲ್ಲಿ ಸಂಭಾಷಣೆ, ಎದುರು ಪುಟದಲ್ಲಿ ನಟರ ಚಲನೆ, ಅಂಚಿನಲ್ಲಿ ಕ್ಯೂಗಳು, ಅಂದರೆ ಬೆಳಕು, ಧ್ವನಿ ಯಾವಾಗ ಬದಲಾಗಬೇಕೆಂಬ ಗುರುತುಗಳು. ಬರೆಯುವುದು ಪೆನ್ಸಿಲ್‌ನಲ್ಲೇ. ಹೆಡ್‌ಸೆಟ್‌ನಲ್ಲಿ ಹೇಳುವುದು ಮೊದಲು ‘ಸ್ಟ್ಯಾಂಡ್‌ಬೈ’ (ಸಿದ್ಧರಾಗಿರಿ), ಆಮೇಲೆ ‘ಗೋ’. ಆ ಎರಡನೆಯ ಶಬ್ದವನ್ನು ಹೆಡ್‌ಸೆಟ್‌ನಲ್ಲಿ ಬೇರೆ ಯಾವ ಮಾತಿಗೂ ನಾನು ಮತ್ತೆ ಬಳಸಿಲ್ಲ.

ಆದರೆ ಯಾರಾದರೂ ಒಂದೇ ಪುಸ್ತಕ ಹೇಳಿ ಎಂದರೆ ನಾನು ಹೇಳುವುದು ಅಮೆರಿಕದ ನಾಟಕಕಾರ ಮಾಸ್ ಹಾರ್ಟ್ ಅವರ ಆತ್ಮಕಥೆ, 1959ರ ‘ಆಕ್ಟ್ ಒನ್’. ಜಾರ್ಜ್ ಕಾಫ್‌ಮನ್ ಜೊತೆ ಸೇರಿ ಅವರು ಬರೆದ ಹಾಸ್ಯನಾಟಕ 1930ರಲ್ಲಿ ನ್ಯೂಯಾರ್ಕ್‌ಗೆ ಬಂತು. ಅದಕ್ಕೆ ಮೊದಲು ಬೇರೆ ಊರುಗಳಲ್ಲಿ ಆಡಿಸಿ ನೋಡುವಾಗ ಮೂರನೇ ಅಂಕ ಕೈಗೇ ಹತ್ತುವುದಿಲ್ಲ. ಎಷ್ಟು ತಿದ್ದಿದರೂ ಜನ ನಗುವುದಿಲ್ಲ. ಕೊನೆಗೆ ನಿರ್ಮಾಪಕ ಸ್ಯಾಮ್ ಹ್ಯಾರಿಸ್, ಇದು ಬಹಳ ಗದ್ದಲದ ನಾಟಕ ಎಂದುಬಿಡುತ್ತಾರೆ. ಆ ಮಾತಿನಿಂದ ಹಾರ್ಟ್ ಅವರಿಗೆ ದಾರಿ ಹೊಳೆಯುತ್ತದೆ: ದುಬಾರಿ ಸೆಟ್ಟಿನ ದೊಡ್ಡ ದೃಶ್ಯವನ್ನೇ ಕಿತ್ತುಹಾಕಿ, ಆ ಜಾಗದಲ್ಲಿ ಒಂದು ಶಾಂತ ದೃಶ್ಯ. ಇದನ್ನು ಓದಿದ ಮೇಲೆಯೇ ನಮ್ಮ ಒಂದು ನಾಟಕದಲ್ಲಿ, ಹತ್ತು ದಿನ ಬಡಗಿಗಳು ಕೂತು ಮಾಡಿದ್ದ ಅಟ್ಟಣಿಗೆಯನ್ನು ತೆಗೆಯೋಣ ಎಂದು ನಿರ್ದೇಶಕರಿಗೆ ಹೇಳುವ ಧೈರ್ಯ ನನಗೆ ಬಂದದ್ದು. ದೃಶ್ಯ ಬದಲಿಸಲು ಅದು ಎರಡು ನಿಮಿಷ ತಿನ್ನುತ್ತಿತ್ತು. ಕತ್ತಲಲ್ಲಿ ಕೂತವರಿಗೆ ಎರಡು ನಿಮಿಷ ಎಂದರೆ ಬಹಳ.

ಭರತನ ನಾಟ್ಯಶಾಸ್ತ್ರವನ್ನು ಬರೀ ರಸ, ಭಾವದ ಗ್ರಂಥ ಎಂದುಕೊಂಡವರು ಎರಡನೇ ಅಧ್ಯಾಯ ತೆರೆಯಬೇಕು. 64 ಹಸ್ತ (ಒಂದು ಹಸ್ತ ಎಂದರೆ ಒಂದು ಮೊಳ) ಉದ್ದ, 32 ಹಸ್ತ ಅಗಲದ ರಂಗಮಂದಿರವೇ ಸಾಕು, ಇನ್ನೂ ದೊಡ್ಡದಾದರೆ ನಟರ ದನಿಯೂ ಮುಖಭಾವವೂ ಪ್ರೇಕ್ಷಕರನ್ನು ಸರಿಯಾಗಿ ಮುಟ್ಟುವುದಿಲ್ಲ ಎನ್ನುತ್ತದೆ. ಇದು ಪ್ರದರ್ಶನ ಮಾಡಿಸಿ ಗೊತ್ತಿರುವವರ ಮಾತು. ಹೊಸ ಸಭಾಂಗಣಕ್ಕೆ ಹೋದಾಗ ನಾನು ಇವತ್ತಿಗೂ ಮೊದಲು ಕೊನೆಯ ಸಾಲಿನಲ್ಲಿ ಕೂತು ನೋಡುತ್ತೇನೆ.

ಇಂಗ್ಲಿಷ್ ನಾಟಕ ನಿರ್ದೇಶಕ ಪೀಟರ್ ಬ್ರೂಕ್ ಅವರ ‘ದಿ ಎಂಪ್ಟಿ ಸ್ಪೇಸ್’ (1968) ಓದಲೇಬೇಕು, ಆದರೆ ಒಂದಾದರೂ ನಾಟಕಕ್ಕೆ ಕೆಲಸ ಮಾಡಿದ ಮೇಲೆ. ಮೊದಲೇ ಓದಿದ್ದಾಗ ನನಗೆ ಅದು ಮೈಗೆ ಹತ್ತಿರಲಿಲ್ಲ.

ಇನ್ನೊಂದು ಓದು ಅಂಗಡಿಯಲ್ಲಿ ಸಿಗುವುದಿಲ್ಲ. ಪ್ರದರ್ಶನ ಮುಗಿದ ನಾಟಕದ ಪ್ರಾಂಪ್ಟ್ ಬುಕ್ ಯಾರ ಬಳಿಯಾದರೂ ಇದ್ದರೆ ಕೇಳಿ ಪಡೆಯಿರಿ. ನನಗೆ ಸಿಕ್ಕ ಒಂದರಲ್ಲಿ ಒಂದೇ ಕ್ಯೂವನ್ನು ಮೂರು ಸಲ ಅಳಿಸಿ ಕಾಗದ ತೆಳ್ಳಗಾಗಿತ್ತು. ನಾಲ್ಕನೇ ಸಲ ಅದನ್ನು ಮಾತಿನ ಮೇಲಿಂದ ತೆಗೆದು, ನಟ ಉಸಿರೆಳೆದುಕೊಳ್ಳುವ ಕ್ಷಣಕ್ಕೆ ಗುರುತು ಹಾಕಿದ್ದರು.